ಬೆಳಗಾಗಲಿ ಅಂತ ಕಾಯಬಾರದ ಜ್ವರ

"ರಾತ್ರಿ ಹತ್ತಕ್ಕೆ ಮೈ ಸ್ವಲ್ಪ ಬಿಸಿ ಇತ್ತು ಸಿಸ್ಟರ್. ಸಿರಪ್ ಕೊಟ್ಟೆ, ಇಳೀತು. ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬರೋಣ ಅಂತ ಮಲಗಿಸಿದೆ."

ಶಿಡ್ಲಘಟ್ಟದ ಕಡೆಯ ಒಬ್ಬ ತಾಯಿ ನನಗೆ ಹೇಳಿದ ಮಾತು ಇದು. ಅವರ ಮಗಳಿಗೆ ಆಗ ಎಂಟು ವರ್ಷ. ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮೂಳೆ ಮಜ್ಜೆ ರಕ್ತ ಹುಟ್ಟಿಸುವುದನ್ನು ನಿಲ್ಲಿಸುವ ಕಾಯಿಲೆ, ಅಂತ ಗೊತ್ತಾಗಿ ಒಂದು ತಿಂಗಳೂ ಆಗಿರಲಿಲ್ಲ. ವಾರ್ಡಿಗೆ ಬಂದಾಗ ಮಗು ಮಾತಾಡುತ್ತಿತ್ತು, ನೀರು ಕೇಳುತ್ತಿತ್ತು. ಆದರೆ ಕೈಕಾಲು ತಣ್ಣಗಿದ್ದವು. ಹೆಬ್ಬೆರಳನ್ನು ಒತ್ತಿ ಬಿಟ್ಟರೆ ಬಣ್ಣ ಮರಳಲು ಐದು ಸೆಕೆಂಡ್ ಹಿಡಿಯಿತು. ಮೂರು ಸೆಕೆಂಡ್ ದಾಟಿದರೇ ನಮಗೆ ಗಾಬರಿ.

ಆ ತಾಯಿಯನ್ನು ನಾನು ಬೈಯಲಿಲ್ಲ. ಬೇರೆ ಮಗುವಾಗಿದ್ದರೆ ಅವರು ಮಾಡಿದ್ದೇ ಸರಿ. ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ. ಆದರೆ ಮೂಳೆ ಮಜ್ಜೆ ಕೆಲಸ ನಿಲ್ಲಿಸಿದ ಮಗುವಿನ ಜ್ವರವೇ ಬೇರೆ. ಅದನ್ನು ಅವರಿಗೆ ಯಾರೂ ಎದುರು ಕೂತು ಬಿಡಿಸಿ ಹೇಳಿರಲಿಲ್ಲ. ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿ ದುಡಿದವಳು ನಾನು. ಈಗ ಚಿಕ್ಕಬಳ್ಳಾಪುರದಲ್ಲಿದ್ದೇನೆ. ಅವತ್ತು ಆ ತಾಯಿಗೆ ಗೊತ್ತಿರಬೇಕಾಗಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಖಾಲಿಯಾದ ಒಟ್ಲು

ಟೊಮ್ಯಾಟೊ ಬೆಳೆಯುವ ನಮ್ಮ ಸೀಮೆಯವರಿಗೆ ಒಟ್ಲು ಅಂದರೆ ವಿವರಿಸಬೇಕಿಲ್ಲ. ಸಸಿ ಅಲ್ಲಿ ಹುಟ್ಟಿ, ಬಲಿತು, ಆಮೇಲೆ ಹೊಲಕ್ಕೆ ಹೋಗುತ್ತದೆ. ಮೂಳೆಯೊಳಗಿನ ಮಜ್ಜೆ ಅಂದರೆ ರಕ್ತದ ಒಟ್ಲು. ಅಲ್ಲಿರುವ ಕಾಂಡಕೋಶಗಳೇ ಬೀಜ. ಅದೇ ಬೀಜದಿಂದ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಹುಟ್ಟುತ್ತವೆ.

ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಈ ಒಟ್ಲು ಖಾಲಿಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅವರ ದೇಹದ ಕಾವಲು ಕಣಗಳೇ ದಾರಿ ತಪ್ಪಿ ಬೀಜವನ್ನು ನಾಶಮಾಡಿರುತ್ತವೆ. ಟಿ ಕಣ ಅಂತ ಇವಕ್ಕೆ ಹೆಸರು. ಮಗು ಏನೋ ತಿಂದಿದ್ದಕ್ಕೆ, ತಾಯಿ ಏನೋ ಮಾಡಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಸೊಸೆಯ ತಲೆಗೆ ಈ ಅಪವಾದ ಕಟ್ಟಿದ್ದನ್ನು ನೋಡಿದ್ದೇನೆ.

ಒಟ್ಲು ಖಾಲಿಯಾಗಲು ಹುಟ್ಟಿನಿಂದ ಬರುವ ಇನ್ನೊಂದು ಕಾಯಿಲೆಯೂ ಕಾರಣ ಆಗಬಹುದು, ಫ್ಯಾಂಕೋನಿ ಅನೀಮಿಯಾ ಅಂತ. ಅದರಲ್ಲಿ ಬೀಜದಲ್ಲೇ ದೋಷ ಇರುತ್ತದೆ. ಡಿಎನ್‌ಎ ಹರಿದರೆ ಅದನ್ನು ಹೊಲಿದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಗೈಡೊ ಫ್ಯಾಂಕೋನಿ 1927ರಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಇದನ್ನು ಗುರುತಿಸಿದರು. ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಹಾಗಾಗಿ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಕಡೆ ಇದರ ಸಾಧ್ಯತೆ ಜಾಸ್ತಿ. ನಮ್ಮ ಕಡೆ ಅಂಥ ಮದುವೆಗಳು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು.

ಒಟ್ಲು ಒಣಗಿತು ಅಂದುಕೊಳ್ಳಿ. ಹೊಲದಲ್ಲಿ ಮೊದಲು ಖಾಲಿಯಾಗುವುದು ಯಾವುದು? ಆಯಸ್ಸು ಕಡಿಮೆ ಇರುವುದು, ಅಲ್ವಾ? ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಪ್ಲೇಟ್‌ಲೆಟ್ ಒಂದು ವಾರ, ಹತ್ತು ದಿನ. ಬ್ಯಾಕ್ಟೀರಿಯಾ ಕಂಡ ತಕ್ಷಣ ಓಡಿಹೋಗಿ ನುಂಗುವ ಬಿಳಿ ಕಣ ಒಂದಿದೆ, ನ್ಯೂಟ್ರೊಫಿಲ್ ಅಂತ. ಅದು ರಕ್ತದಲ್ಲಿ ಇರುವುದು ಕೆಲವೇ ಗಂಟೆ. ದೊಡ್ಡವರ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೊಫಿಲ್ ಹುಟ್ಟಿಸುತ್ತದೆ. ಅಷ್ಟು ಬೇಕು, ಅಷ್ಟೂ ಖರ್ಚಾಗುತ್ತದೆ. ಹುಟ್ಟುವುದು ನಿಂತರೆ ಉಗ್ರಾಣ ಬೇಗ ಬರಿದಾಗುತ್ತದೆ.

ಇನ್ನೂ ಒಂದು ತೊಂದರೆ ಇದೆ. ಕೆಂಪು ಕಣ, ಪ್ಲೇಟ್‌ಲೆಟ್ ಕಡಿಮೆಯಾದರೆ ಬೇರೆಯವರ ರಕ್ತದಿಂದ ತುಂಬಿಸಬಹುದು. ನ್ಯೂಟ್ರೊಫಿಲ್ ಅಷ್ಟು ಸುಲಭವಾಗಿ ತುಂಬಿಸಲು ಆಗುವುದಿಲ್ಲ.

ರಿಪೋರ್ಟಿನಲ್ಲಿ ನೋಡಬೇಕಾದ ಒಂದು ಲೆಕ್ಕ

ಮನೆಯವರು ಸಾಮಾನ್ಯವಾಗಿ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳುತ್ತಾರೆ. ಡೆಂಗಿಯಿಂದಾಗಿ ಆ ಹೆಸರು ಬಾಯಿಪಾಠ ಆಗಿದೆ. ಈ ಕಾಯಿಲೆಯಲ್ಲಿ ಎಎನ್‌ಸಿ ಎಷ್ಟು ಅಂತಲೂ ಕೇಳಿ. ರಕ್ತದಲ್ಲಿ ನ್ಯೂಟ್ರೊಫಿಲ್ ಎಷ್ಟಿವೆ ಅನ್ನುವ ಲೆಕ್ಕ ಅದು.

ಮನೆಯಲ್ಲೇ ಹಾಕಬಹುದು. ಒಟ್ಟು ಬಿಳಿ ಕಣ 3,000, ಅದರಲ್ಲಿ ನ್ಯೂಟ್ರೊಫಿಲ್ ಶೇಕಡ 12 ಅಂತ ರಿಪೋರ್ಟಿನಲ್ಲಿದೆ ಅಂದುಕೊಳ್ಳಿ. 3,000ದಲ್ಲಿ ಶೇಕಡ 12 ಅಂದರೆ 360. ಒಟ್ಟು ಸಂಖ್ಯೆ ನೋಡಿ "ಪರವಾಗಿಲ್ಲ, ಮೂರು ಸಾವಿರ ಇದೆ" ಅಂತ ಸಮಾಧಾನ ಪಟ್ಟುಕೊಂಡವರನ್ನು ನೋಡಿದ್ದೇನೆ. ಆ ಮೂರು ಸಾವಿರದಲ್ಲಿ ಬಹುಪಾಲು ಬೇರೆ ಜಾತಿಯ ಬಿಳಿ ಕಣ. ಬ್ಯಾಕ್ಟೀರಿಯಾ ಬಂದಾಗ ಮೊದಲು ಎದುರಿಗೆ ನಿಲ್ಲುವುದು ಆ 360 ಮಾತ್ರ.

1,500ಕ್ಕಿಂತ ಮೇಲಿದ್ದರೆ ಚಿಂತೆ ಇಲ್ಲ. 500ಕ್ಕಿಂತ ಕೆಳಗಿಳಿದರೆ ಅಪಾಯ. 200ಕ್ಕಿಂತ ಕೆಳಗಿದ್ದರೆ ಅತಿ ತೀವ್ರ ಅಂತ ಡಾಕ್ಟರುಗಳು ಬೇರೆಯಾಗಿಯೇ ಬರೆಯುತ್ತಾರೆ. ನ್ಯೂಟ್ರೊಫಿಲ್ ಇಳಿದಷ್ಟೂ ಸೋಂಕು ಏರುತ್ತದೆ, ಎಷ್ಟು ದಿನ ಕೆಳಗಿದ್ದರೆ ಅಷ್ಟು ಏರುತ್ತದೆ ಅಂತ ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಜೊತೆಗಾರರು 1966ರಲ್ಲೇ ತೋರಿಸಿದ್ದರು. ಅವರು ನೋಡಿದ್ದು ರಕ್ತದ ಕ್ಯಾನ್ಸರ್ ರೋಗಿಗಳನ್ನು. ನಮ್ಮ ಮಕ್ಕಳ ಕಷ್ಟ ಅರ್ಥವಾಗಬೇಕಾದರೆ ಆ ವ್ಯತ್ಯಾಸವನ್ನೂ ತಿಳಿಯಬೇಕು. ಕ್ಯಾನ್ಸರ್ ಮಗುವಿಗೆ ಕೀಮೋ ಕೊಟ್ಟ ಮೇಲೆ ಕೌಂಟ್ ಬೀಳುತ್ತದೆ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಏಳುತ್ತದೆ. ಮಜ್ಜೆ ಸೋತ ಮಗುವಿನಲ್ಲಿ ಅದು ತಾನಾಗಿ ಏಳುವುದು ಅಪರೂಪ. ತಿಂಗಳುಗಟ್ಟಲೆ ಕೆಳಗೇ ಇರುತ್ತದೆ.

ಕೀವಿಲ್ಲದ ಸೋಂಕು

ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ? ಹೊರಗಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಮಗುವಿನ ಹೊಟ್ಟೆಯೊಳಗಿಂದಲೇ ಬರುತ್ತದೆ. ಕರುಳಿನಲ್ಲಿ ಎಲ್ಲರಿಗೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಅಲ್ಲಿನ ಒಕ್ಕಲುಗಳು. ಕರುಳಿನ ಗೋಡೆ ದಾಟಿ ಒಂದೆರಡು ನುಸುಳಿದರೆ ನಮ್ಮ ನ್ಯೂಟ್ರೊಫಿಲ್ ಅಲ್ಲೇ ಮುಗಿಸುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಕಾವಲಿಲ್ಲದ ಮಗುವಿನಲ್ಲಿ ಅದು ನೇರ ರಕ್ತಕ್ಕೆ ಇಳಿಯುತ್ತದೆ. ಒದ್ದೆ ಜಾಗಗಳಲ್ಲಿ ಇರುವ ಸ್ಯೂಡೊಮೊನಾಸ್ ಇನ್ನೂ ಕೆಟ್ಟದ್ದು. ಬಾಯಿಯ ಹುಣ್ಣು, ಗುದದ್ವಾರದ ಸಣ್ಣ ಬಿರುಕು, ಡ್ರಿಪ್ ಹಾಕಿದ ಜಾಗ, ಇವೆಲ್ಲ ಬಾಗಿಲುಗಳೇ.

ಇ. ಕೋಲೈಗೆ ಪ್ರಯೋಗಶಾಲೆಯಲ್ಲಿ ಒಳ್ಳೆ ಆಹಾರ ಕೊಟ್ಟರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು ಅಂದರೆ ಎಂಟು ಗಂಟೆ. ಅಷ್ಟರಲ್ಲಿ 24 ಸಲ ದುಪ್ಪಟ್ಟು. ಒಂದು ಇದ್ದದ್ದು ಒಂದೂವರೆ ಕೋಟಿ ದಾಟುತ್ತದೆ. ಮಗುವಿನ ರಕ್ತದಲ್ಲಿ ಅಷ್ಟೇ ಓಟ ಇರುವುದಿಲ್ಲ, ನಿಜ. ಆದರೂ "ಬೆಳಿಗ್ಗೆ ನೋಡೋಣ" ಅನ್ನುವ ಮಾತಿನ ಬೆಲೆ ಏನು ಅಂತ ಈ ಲೆಕ್ಕದಿಂದ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನಮ್ಮನ್ನೇ ಎಷ್ಟೋ ಸಲ ಏಮಾರಿಸುತ್ತದೆ. ಗಾಯ ಕೆಂಪಾಗಿ, ಊದಿಕೊಂಡು, ಕೀವು ಆದರೆ ನಾವು ಸೋಂಕು ಅನ್ನುತ್ತೇವೆ. ಕೀವು ಅಂದರೆ ಏನು? ಬಹುಪಾಲು ಹೋರಾಡಿ ಸತ್ತ ನ್ಯೂಟ್ರೊಫಿಲ್‌ಗಳ ಗುಡ್ಡೆ. ಈ ಮಗುವಿಗೆ ಅವೇ ಇಲ್ಲ. ಹಾಗಾಗಿ ಕೀವೂ ಆಗುವುದಿಲ್ಲ. ಗಂಟಲು ನೋಡಿದರೆ ಸ್ವಲ್ಪ ಕೆಂಪು, ಅಷ್ಟೇ. ನ್ಯುಮೋನಿಯಾ ಶುರುವಾಗಿದ್ದರೂ ಮೊದಲ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಮೂತ್ರದ ಪರೀಕ್ಷೆಯಲ್ಲಿ ಕೀವಿನ ಕಣ ಸಿಗದೇ ಹೋಗಬಹುದು. ಜ್ವರ ಒಂದೇ ಸುಳಿವು. ಮಗು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಆ ಜ್ವರವೂ ಬರದೇ ಇರಬಹುದು. ಆಗ ಮಂಕಾಗಿರುವುದು, ಮೈ ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಹೊಟ್ಟೆಯ ಬಲಗಡೆ ಕೆಳಗೆ ನೋವು, ಇವನ್ನೇ ಜ್ವರ ಅಂತ ತಿಳಿಯಬೇಕು. ಚರ್ಮದ ಮೇಲೆ ಕೆಂಪು ಮಚ್ಚೆ ಎದ್ದು ಕೆಲವು ಗಂಟೆಗಳಲ್ಲಿ ನಡುವೆ ಕಪ್ಪಾದರೆ ಸ್ಯೂಡೊಮೊನಾಸ್ ರಕ್ತಕ್ಕೆ ಇಳಿದಿರಬಹುದು. ಅದನ್ನು ಅಮ್ಮ ಬಂದಿರಬೇಕು, ಸರ್ಪಸುತ್ತು ಇರಬೇಕು ಅಂತ ಬೇವಿನ ಸೊಪ್ಪು ಇಟ್ಟು ಕೂರಬೇಡಿ.

ಆ ಒಂದು ಗಂಟೆ

ಜ್ವರ ಎಂದರೆ ಎಷ್ಟು? ಬಾಯಲ್ಲಿ ಇಟ್ಟು ನೋಡಿದಾಗ ಒಂದೇ ಸಲ 101 ಡಿಗ್ರಿ ಫ್ಯಾರನ್‌ಹೀಟ್, ಅಥವಾ 100.4 ಬಂದು ಒಂದು ಗಂಟೆ ಹಾಗೇ ಇರುವುದು. ಪುಸ್ತಕದ ಲೆಕ್ಕ ಇದು. ಕಂಕುಳಲ್ಲಿ ಇಟ್ಟರೆ ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ನಾನು ತಾಯಂದಿರಿಗೆ ಹೇಳುವುದು ಸುಲಭದ ಮಾತು. 100.4 ಕಂಡರೆ ಫೋನ್ ಮಾಡಿ, ಚೀಲ ಹಿಡಿದು ಹೊರಡಿ. ಎರಡನೇ ಸಲ ನೋಡುವುದನ್ನು ದಾರಿಯಲ್ಲೇ ಮಾಡಬಹುದು. ಮುಟ್ಟಿ ನೋಡಿ ಹೇಳುವುದು ಸಾಲದು, ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ನೋಡುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಜ್ವರದ ಅಂಕಿ ಇಳಿಸುತ್ತದೆ, ಒಳಗಿನ ನಂಜು ಹಾಗೇ ಏರುತ್ತಿರುತ್ತದೆ.

ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಇದು ಜಗತ್ತಿನ ಒಳ್ಳೆಯ ಮಕ್ಕಳ ಆಸ್ಪತ್ರೆಗಳೆಲ್ಲ ಇಟ್ಟುಕೊಂಡ ಗುರಿ. ಆ ಒಂದು ಗಂಟೆಯಲ್ಲಿ ಏನೇನು ನಡೆಯಬೇಕು ಅಂತ ಹೇಳುತ್ತೇನೆ. ಮಗುವನ್ನು ಸಾಲಿನಲ್ಲಿ ಕೂರಿಸದೆ ಬೇರೆ ಕೋಣೆಗೆ ಕರೆದೊಯ್ಯಬೇಕು. ನಾಡಿ, ಉಸಿರು, ಬಿಪಿ, ಆಮ್ಲಜನಕ, ಕೈಕಾಲಿನ ಬಿಸಿ ನೋಡಬೇಕು. ಮಕ್ಕಳಲ್ಲಿ ಬಿಪಿ ಬೀಳುವುದು ಕೊನೆಗೆ. ಬಿಪಿ ಸರಿಯಿದೆ ಅಂತ ನಿಶ್ಚಿಂತೆಯಾದರೆ ಕೆಟ್ಟೆವು. ಆಮೇಲೆ ರಕ್ತ ತೆಗೆದು ಕಲ್ಚರ್ ಬಾಟಲಿಗೆ ಹಾಕಬೇಕು. ಇದು ಆಂಟಿಬಯೋಟಿಕ್ ಕೊಡುವ ಮೊದಲೇ ಆಗಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯುವುದಿಲ್ಲ, ಶತ್ರು ಯಾರೆಂದು ಗೊತ್ತಾಗುವುದಿಲ್ಲ. ಸೂಜಿ ಸಿಗುತ್ತಿಲ್ಲ, ಬಾಟಲಿ ಬಂದಿಲ್ಲ ಅಂತ ಅದಕ್ಕಾಗಿ ಗಂಟೆ ಕಳೆಯುವುದೂ ತಪ್ಪು. ರಿಪೋರ್ಟ್ ಬರಲಿ ಅಂತಲೂ ಕಾಯುವ ಹಾಗಿಲ್ಲ. ಕೌಂಟ್ ಕಡಿಮೆ ಇದೆ ಅಂತ ಮೊದಲೇ ಗೊತ್ತಲ್ಲ.

ಈಗ ನಮ್ಮ ಊರುಗಳ ಮಾತಿಗೆ ಬರುತ್ತೇನೆ. ಬಾಗೇಪಲ್ಲಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಶಿಡ್ಲಘಟ್ಟ, ಚಿಂತಾಮಣಿಯಿಂದ ಹೊರಟರೂ ಊರೊಳಗಿನ ಟ್ರಾಫಿಕ್ ಸೇರಿ ಎರಡು ಗಂಟೆ ಬೇಕು. ಆ ಒಂದು ಗಂಟೆಯ ಗುರಿಯನ್ನು ಬೆಂಗಳೂರಿನ ಆಸ್ಪತ್ರೆಯ ಬಾಗಿಲಿನಿಂದ ಎಣಿಸಿದರೆ ನಮ್ಮ ಮಕ್ಕಳಿಗೆ ಏನೂ ಪ್ರಯೋಜನ ಇಲ್ಲ. ಗಡಿಯಾರ ಶುರುವಾಗುವುದು ಥರ್ಮಾಮೀಟರ್ ಬೀಪ್ ಅಂದಾಗ. ಅದಕ್ಕೇ ನಾನು ಹೇಳುವುದು, ಮೊದಲ ಡೋಸ್ ಹತ್ತಿರದಲ್ಲೇ ಆಗಲಿ. ತಾಲ್ಲೂಕು ಆಸ್ಪತ್ರೆಯೋ ಜಿಲ್ಲಾ ಆಸ್ಪತ್ರೆಯೋ, ಮಕ್ಕಳ ಡಾಕ್ಟರ್ ಇರುವ ಕಡೆ ಹೋಗಿ. ಅಲ್ಲಿಂದ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿಸಿ. ಇರುವ ಔಷಧಿಯಲ್ಲಿ ಯಾವುದು ಕೊಡಬೇಕು ಅಂತ ಅವರವರೇ ಮಾತಾಡಿಕೊಳ್ಳಲಿ. ಕಲ್ಚರ್ ತೆಗೆದು, ಮೊದಲ ಡೋಸ್ ಕೊಟ್ಟು, ಡ್ರಿಪ್ ಹಾಕಿ, 108ರಲ್ಲಿ ಮುಂದಕ್ಕೆ ಕಳಿಸಲಿ. ಬರಿಗೈಲಿ ಎರಡು ಗಂಟೆ ಪ್ರಯಾಣ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇದಕ್ಕೆ ಒಂದು ಚೀಟಿ ಬೇಕು. ಬೆಂಗಳೂರಿನ ಡಾಕ್ಟರ್ ಕೈಲಿ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಕಾಯಿಲೆಯ ಹೆಸರು, ಕೊನೆಯ ಎಎನ್‌ಸಿ, ಮಗುವಿನ ತೂಕ, ಅಲರ್ಜಿ, ಜ್ವರ ಬಂದರೆ ಮೊದಲು ಕೊಡಬೇಕಾದ ಔಷಧಿ, ಫೋನ್ ನಂಬರ್. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ. ಮಧ್ಯರಾತ್ರಿ ಡ್ಯೂಟಿ ಡಾಕ್ಟರ್ ಮುಂದೆ ನಿಂತು ಹತ್ತು ನಿಮಿಷ ವಿವರಿಸುವ ಕಷ್ಟ ತಪ್ಪುತ್ತದೆ. ಒಂದು ಮಗುವಿಗೆ ದಾರಿಯ ಕ್ಲಿನಿಕ್ಕೊಂದರಲ್ಲಿ ಜ್ವರ ಇಳಿಯಲಿ ಅಂತ ಸೊಂಟಕ್ಕೆ ಸೂಜಿ ಹಾಕಿಬಿಟ್ಟಿದ್ದರು. ಪ್ಲೇಟ್‌ಲೆಟ್ 8,000 ಇದ್ದ ಮಗು. ಅಲ್ಲಿ ರಕ್ತ ಹೆಪ್ಪುಗಟ್ಟಿ, ಅದರಲ್ಲೇ ಸೋಂಕು ಆಯಿತು. ಸೂಜಿ ಹಾಕಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಚೀಟಿ ಇದ್ದಿದ್ದರೆ ತಪ್ಪುತ್ತಿತ್ತು.

ಮಾಂಸಖಂಡಕ್ಕೆ ಸೂಜಿ ಬೇಡ. ಗುದದ್ವಾರಕ್ಕೆ ಥರ್ಮಾಮೀಟರ್, ಮಾತ್ರೆ, ಎನಿಮಾ ಬೇಡ. ಐಬುಪ್ರೊಫೇನ್, ಆಸ್ಪಿರಿನ್, ಮೆಫೆನಾಮಿಕ್ ಆಸಿಡ್ ಇರುವ ಜ್ವರದ ಸಿರಪ್ ಬೇಡ. ರಕ್ತಸ್ರಾವದ ಅಪಾಯ ಅವುಗಳಿಂದ ಇನ್ನೂ ಹೆಚ್ಚುತ್ತದೆ.

ಔಷಧಿ ಆರಿಸುವುದು

ಶತ್ರು ಯಾರೆಂದು ಗೊತ್ತಿಲ್ಲದೆ ಔಷಧಿ ಶುರುಮಾಡಬೇಕು. ಅದಕ್ಕೆ ಮೊದಲು ಹರವಾದ ಬಲೆ ಬೀಸುತ್ತಾರೆ. ಕರುಳಿನ ಬ್ಯಾಕ್ಟೀರಿಯಾ ಮತ್ತು ಸ್ಯೂಡೊಮೊನಾಸ್ ಎರಡನ್ನೂ ಹೊಡೆಯುವ ಔಷಧಿ ಬೇಕು. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಸೆಫೆಪೈಮ್, ಇಲ್ಲವೇ ಮೆರೊಪೆನೆಮ್. ಮಗು ತೀರಾ ಕುಸಿದಿದ್ದರೆ ಅಮಿಕಾಸಿನ್ ಜೊತೆಗೂಡಿಸುತ್ತಾರೆ. ಚರ್ಮದಲ್ಲಿ ಅಥವಾ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸುವ ಕೊಳವೆ) ಹಾಕಿದ ಜಾಗದಲ್ಲಿ ಸೋಂಕು ಕಂಡರೆ ವ್ಯಾಂಕೊಮೈಸಿನ್. ಅದನ್ನು ಎಲ್ಲರಿಗೂ ಕಣ್ಣುಮುಚ್ಚಿ ಕೊಡುವುದಿಲ್ಲ. ಯಾವುದು, ಎಷ್ಟು ಅನ್ನುವುದು ಮಗುವಿನ ತೂಕ, ಕಿಡ್ನಿ, ಹಿಂದಿನ ಕಲ್ಚರ್, ಆ ಆಸ್ಪತ್ರೆಯಲ್ಲಿ ಯಾವ ಬ್ಯಾಕ್ಟೀರಿಯಾ ಯಾವುದಕ್ಕೆ ಬಗ್ಗುತ್ತದೆ ಎಂಬುದರ ಮೇಲೆ ನಿಂತಿದೆ. ಹೆಸರು ತಿಳಿದಿರಲಿ ಅಂತ ಬರೆದೆ, ಅಷ್ಟೇ. ಅಂಗಡಿಯಲ್ಲಿ ಕೇಳಿ ಕೊಳ್ಳುವ ಔಷಧಿಗಳಲ್ಲ ಇವು.

ನಂಜು ಏರಿ ರಕ್ತದ ಓಡಾಟ ಕುಂದಿದ್ದರೆ ಔಷಧಿಯೊಂದೇ ಸಾಲದು. ಡ್ರಿಪ್‌ನಲ್ಲಿ ಸಲೈನ್ ಅಳೆದು ಕೊಡಬೇಕು. ಪ್ರತಿ ಸಲ ಕೊಟ್ಟ ಮೇಲೂ ಮಗುವನ್ನು ಮತ್ತೆ ಮುಟ್ಟಿ ನೋಡಬೇಕು. ರಕ್ತ ತೀರಾ ಕಡಿಮೆ ಇರುವ ಮಗುವಿಗೆ ಜಾಸ್ತಿ ನೀರು ಹೋದರೆ ಹೃದಯ, ಶ್ವಾಸಕೋಶಕ್ಕೆ ಭಾರ. ಅದಕ್ಕೂ ಬಗ್ಗದಿದ್ದರೆ ಐಸಿಯುನಲ್ಲಿ ಅಡ್ರಿನಲಿನ್ ಥರದ ಔಷಧಿ ಹನಿಹನಿಯಾಗಿ ಹೋಗುತ್ತದೆ. ಶಿಡ್ಲಘಟ್ಟದ ಆ ಹುಡುಗಿಗೆ ಎರಡು ದಿನ ಅದು ಬೇಕಾಯಿತು.

ಕಲ್ಚರ್‌ನಲ್ಲಿ ಏನಾದರೂ ಬೆಳೆದರೆ ಹೆಚ್ಚಾಗಿ ಒಂದೆರಡು ದಿನದಲ್ಲೇ ಸುಳಿವು ಸಿಗುತ್ತದೆ. ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ಇನ್ನೂ ಒಂದೆರಡು ದಿನ. ಆಗ ಹರವಾದ ಬಲೆ ಬಿಟ್ಟು ಗುರಿಯಿಟ್ಟ ಬಾಣಕ್ಕೆ ಬರಬಹುದು. ನಮ್ಮ ದೇಶದಲ್ಲಿ ಆ ರಿಪೋರ್ಟ್ ತೆರೆಯುವಾಗ ಕೈ ನಡುಗುತ್ತದೆ. ಒಂದು ಕಾಲಕ್ಕೆ ಕೊನೆಯ ಅಸ್ತ್ರ ಅಂತಿದ್ದ ಮೆರೊಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಆಗ ಕೊಲಿಸ್ಟಿನ್ ಎಂಬ ಹಳೆಯ ಔಷಧಿಗೆ ಹೋಗಬೇಕು, ಅದು ಕಿಡ್ನಿಗೆ ಹೊಡೆತ. ಇಲ್ಲವೇ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್, ಕೆಲವು ಸಲ ಅದರ ಜೊತೆ ಆಜ್ಟ್ರಿಯೊನಾಮ್. ಬೆಲೆ ಕೇಳಿದರೆ ಮನೆಯವರು ಗೋಡೆಗೆ ಒರಗಿ ಕೂತುಬಿಡುತ್ತಾರೆ.

ಈ ಸ್ಥಿತಿ ಸುಮ್ನೆ ಬಂದಿಲ್ಲ. ನೆಗಡಿಗೆಲ್ಲ ಆಂಟಿಬಯೋಟಿಕ್ ಕೊಂಡು, ಎರಡು ದಿನ ನುಂಗಿ, ಉಳಿದದ್ದನ್ನು ಡಬ್ಬಿಯಲ್ಲಿ ಇಡುವ ಅಭ್ಯಾಸದ ಪಾಲು ಇದರಲ್ಲಿದೆ. ಕೋಳಿ ಫಾರಂಗಳಲ್ಲಿ ಕೋಳಿ ಬೇಗ ದಪ್ಪಗಾಗಲಿ ಅಂತ ಮೇವಿಗೆ ಕೊಲಿಸ್ಟಿನ್ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಜಿಲ್ಲೆಗಳಲ್ಲಿ ಕೋಳಿ ಸಾಕಣೆ ನಂಬಿದ ಮನೆಗಳು ಬಹಳ. ಅವರ ಹೊಟ್ಟೆಪಾಡಿನ ಮೇಲೆ ನನಗೆ ಗೌರವ ಇದೆ. ಆದರೂ ಮೆರೊಪೆನೆಮ್ ಸೋತ ಮೇಲೆ ಒಂದು ಮಗುವಿನ ಪಾಲಿಗೆ ಉಳಿಯುವ ಔಷಧಿ ಅದು ಅಂತ ಎಲ್ಲರಿಗೂ ಗೊತ್ತಿರಬೇಕು.

ಔಷಧಿ ಕೊಡುವುದು ಕಾಲಾವಕಾಶ ಮಾತ್ರ

ಜ್ವರ ಇಳಿಯಿತು, ಮಗು ಎದ್ದು ಕೂತಿತು. ಔಷಧಿ ಯಾವಾಗ ನಿಲ್ಲಿಸುವುದು? ಕೀಮೋ ಮಕ್ಕಳಲ್ಲಿ ಕೌಂಟ್ ಏಳುವವರೆಗೆ ಕೊಡೋಣ ಎನ್ನುವ ಹಳೆಯ ಪದ್ಧತಿ ಇತ್ತು. ಇಲ್ಲಿ ಕೌಂಟ್ ಏಳುವುದೇ ಇಲ್ಲವಲ್ಲ! ವರ್ಷಗಟ್ಟಲೆ ಡ್ರಿಪ್ ಹಾಕಿ ಇಡಲು ಆಗುತ್ತದೆಯೇ? ಹಾಗಾಗಿ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದರೆ ಒಂದು ಪೂರ್ತಿ ಕೋರ್ಸ್, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕೊಟ್ಟು ಮತ್ತೆ ಕಲ್ಚರ್ ನೋಡಿ ನಿಲ್ಲಿಸುತ್ತಾರೆ. ಕಣ್ಣಿಟ್ಟು ಕಾಯುತ್ತಾರೆ. ನಿಲ್ಲಿಸಿದ ರಾತ್ರಿ ನಮಗೆ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ನಾಲ್ಕು ದಿನವಾದರೂ ಜ್ವರ ಬಿಡದಿದ್ದರೆ ಬೂಸ್ಟು, ಅಂದರೆ ಫಂಗಸ್, ಸೇರಿಕೊಂಡಿರಬಹುದು ಅಂತ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಅದರ ಔಷಧಿಯನ್ನೂ ಶುರುಮಾಡುತ್ತಾರೆ. ಕೌಂಟ್ ತಿಂಗಳುಗಟ್ಟಲೆ ಕೆಳಗಿರುವ ಮಕ್ಕಳಿಗೆ ಫಂಗಸ್ ಬ್ಯಾಕ್ಟೀರಿಯಾದಷ್ಟೇ ದೊಡ್ಡ ಶತ್ರು.

"ಕೌಂಟ್ ಏರಿಸುವ ಇಂಜೆಕ್ಷನ್ ಕೊಡಿ ಸಿಸ್ಟರ್" ಅಂತ ಕೇಳುತ್ತಾರೆ. ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಇದೆ. ಅದು ಗೊಬ್ಬರ ಇದ್ದ ಹಾಗೆ. ಬೀಜ ಇರುವ ಒಟ್ಲಿಗೆ ಹಾಕಿದರೆ ಸಸಿ ಬೇಗ ಏಳುತ್ತದೆ. ಬೀಜವೇ ಇಲ್ಲದ ಮಡಿಗೆ ಎಷ್ಟು ಗೊಬ್ಬರ ಹಾಕಿದರೆ ಏನು?

ಬೇರೆಯವರ ನ್ಯೂಟ್ರೊಫಿಲ್ ಕೊಡುವ ದಾರಿಯೂ ಒಂದಿದೆ. ರಕ್ತದ ಗುಂಪು ಹೊಂದುವ ಆರೋಗ್ಯವಂತರಿಗೆ ಹಿಂದಿನ ದಿನ ಜಿ-ಸಿಎಸ್‌ಎಫ್ ಮತ್ತು ಸ್ಟಿರಾಯ್ಡ್ ಕೊಟ್ಟು, ಮರುದಿನ ಮಷಿನ್‌ನಲ್ಲಿ ಆ ಕಣಗಳನ್ನು ಮಾತ್ರ ಬೇರ್ಪಡಿಸುತ್ತಾರೆ. ಅದಕ್ಕೆ ವಿಕಿರಣ ಹಾಯಿಸಿ 24 ಗಂಟೆಯೊಳಗೆ ಮಗುವಿಗೆ ಏರಿಸಬೇಕು. ಇದರಿಂದ ಎಷ್ಟು ಲಾಭ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. 2015ರಲ್ಲಿ ಹೊರಬಂದ ಅಮೆರಿಕದ ಪ್ರಯೋಗವೊಂದರಲ್ಲಿ ಬೇಕಾದಷ್ಟು ರೋಗಿಗಳೇ ಸೇರಲಿಲ್ಲ, ಸ್ಪಷ್ಟ ವ್ಯತ್ಯಾಸವೂ ಕಾಣಲಿಲ್ಲ. ಆದರೂ ಔಷಧಿಗೆ ಬಗ್ಗದ ಸೋಂಕಿನಲ್ಲಿ, ಮುಂದೆ ಮಜ್ಜೆ ಕಸಿ ಆಗುವವರೆಗೆ ಮಗುವನ್ನು ಹಿಡಿದು ನಿಲ್ಲಿಸಲು ಕೆಲವು ಡಾಕ್ಟರುಗಳು ಇದನ್ನು ಬಳಸುತ್ತಾರೆ. ಒಂದು ಎಚ್ಚರಿಕೆ. ಅಪ್ಪ, ಅಮ್ಮ, ಒಡಹುಟ್ಟಿದವರು ರಕ್ತವನ್ನಾಗಲಿ ಕಣವನ್ನಾಗಲಿ ಕೊಡಬಾರದು. ಮುಂದೆ ಅವರ ಮಜ್ಜೆಯೇ ಬೇಕಾದಾಗ ಮಗುವಿನ ದೇಹ ಅದನ್ನು ತಳ್ಳಿಬಿಡಬಹುದು. "ನಮ್ಮ ರಕ್ತವೇ ಕೊಡ್ತೀವಿ" ಅಂತ ಪ್ರೀತಿಯಿಂದ ಮುಂದೆ ಬರುವ ಅಪ್ಪಂದಿರಿಗೆ ಇದನ್ನು ಹೇಳುವುದು ಬಹಳ ಕಷ್ಟ.

ಹಾಗಾದರೆ ನಿಜವಾದ ಪರಿಹಾರ ಏನು? ಮಜ್ಜೆ ಮತ್ತೆ ಕೆಲಸ ಶುರುಮಾಡಬೇಕು. ಆಂಟಿಬಯೋಟಿಕ್ ಅಲ್ಲಿಯವರೆಗೆ ಕಾಲಾವಕಾಶ ಕೊಡುತ್ತದೆ, ಅದಕ್ಕಿಂತ ಹೆಚ್ಚಲ್ಲ. ತೀವ್ರವಾದ ಅಪ್ಲಾಸ್ಟಿಕ್ ಅನೀಮಿಯಾ ಇರುವ ಮಗುವಿಗೆ ಹೊಂದುವ ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದರೆ ಮಜ್ಜೆ ಕಸಿಯೇ ಮೊದಲ ಆಯ್ಕೆ. ಒಬ್ಬೊಬ್ಬ ಒಡಹುಟ್ಟಿದವರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಯಾರೂ ಹೊಂದದಿದ್ದರೆ ಎಟಿಜಿ ಮತ್ತು ಸೈಕ್ಲೋಸ್ಪೋರಿನ್ ಎಂಬ ಔಷಧಿಗಳನ್ನು ಕೊಟ್ಟು ದಾರಿ ತಪ್ಪಿದ ಟಿ ಕಣಗಳನ್ನು ಅಡಗಿಸುತ್ತಾರೆ. ಅದರ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಆ ಆರು ತಿಂಗಳು ಮಗುವನ್ನು ಸೋಂಕಿನಿಂದ ಕಾಯಬೇಕು. ಹೊಂದುವ ಹೊರಗಿನ ದಾನಿಯನ್ನು ಹುಡುಕುವುದೂ ಉಂಟು. ಇದೆಲ್ಲದಕ್ಕೂ ಮೊದಲು ಫ್ಯಾಂಕೋನಿ ಇದೆಯೇ ಎಂದು ವರ್ಣತಂತುಗಳ ಪರೀಕ್ಷೆ ಆಗಲೇಬೇಕು. ಆ ಮಕ್ಕಳಿಗೆ ಎಟಿಜಿ ಕೆಲಸ ಮಾಡುವುದಿಲ್ಲ, ಕಸಿಗೆ ಮೊದಲು ಕೊಡುವ ಔಷಧಿಯೂ ಕಡಿಮೆ ಪ್ರಮಾಣದಲ್ಲಿ ಇರಬೇಕು. ಮಜ್ಜೆ ಕೊಡಲು ಬಂದ ಅಣ್ಣನಿಗೇ ಸದ್ದಿಲ್ಲದೆ ಅದೇ ಕಾಯಿಲೆ ಇರಬಹುದು. ಅವನಿಗೂ ಪರೀಕ್ಷೆ ಆಗಬೇಕು.

ನನ್ನ ಅನುಭವದಲ್ಲಿ ಹೆಚ್ಚು ಮಕ್ಕಳನ್ನು ಕಳೆದುಕೊಂಡಿದ್ದು ಇಲ್ಲೇ, ಈ ಓಡಾಟದ ತಡದಲ್ಲಿ. ರಕ್ತ ಏರಿಸಿಕೊಂಡು ಮನೆಗೆ, ಮತ್ತೆ ರಕ್ತ, ಮತ್ತೆ ಮನೆ. ಅಷ್ಟರಲ್ಲಿ ಒಂದು ದೊಡ್ಡ ಸೋಂಕು. ಕಾಯಿಲೆ ಗೊತ್ತಾದ ವಾರದಲ್ಲೇ ಒಡಹುಟ್ಟಿದವರ ಮಜ್ಜೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ. ಸಾಲ ಮಾಡಿ ಮುಗಿದ ಮೇಲೆ ಕೇಳುವುದು ಬೇಡ.

ಹುಳುಮನೆಯ ಶಿಸ್ತು

ಮನೆಯಲ್ಲಿ ಹೇಗಿರಬೇಕು ಅಂತ ಆ ತಾಯಿಗೆ ಹೇಳಲು ಕೂತಾಗ ಅವರೇ ನನಗೆ ಪಾಠ ಹೇಳಿದರು. ಅವರದು ರೇಷ್ಮೆ ಸಾಕುವ ಮನೆ. "ಅಯ್ಯೋ ಸಿಸ್ಟರ್, ಇದು ನಮ್ಮ ಹುಳುಮನೆ ಕಂಡಂಗೇ ಅಲ್ವಾ?" ಅಂದರು. ನಿಜ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ತುಳಿದು, ಕೈ ತೊಳೆದೇ ಒಳಗೆ ಹೋಗಬೇಕು. ಸಪ್ಪೆ ರೋಗ, ಸುಣ್ಣಕಟ್ಟು ರೋಗ ಒಂದು ತಟ್ಟೆಗೆ ಬಂದರೆ ಇಡೀ ಬೆಳೆ ಹೋಗುತ್ತದೆ ಅಂತ ಮಕ್ಕಳಿಗೂ ಗೊತ್ತು.

ಅದೇ ಶಿಸ್ತು ಸಾಕು. ಮಗುವನ್ನು ಮುಟ್ಟುವ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ನೆಗಡಿ, ಕೆಮ್ಮು ಇರುವ ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೋಗಲಿ. ಬಿಸಿಬಿಸಿ ಮುದ್ದೆ, ಬಸ್ಸಾರು, ಅನ್ನ ಎಲ್ಲವನ್ನೂ ಕೊಡಿ. ಇದು ತಿನ್ನಬಾರದು, ಅದು ತಿನ್ನಬಾರದು ಅಂತ ಉದ್ದದ ಪಥ್ಯ ಮಾಡಿಸಿ ಮಗುವನ್ನು ಸೊರಗಿಸುವುದರಿಂದ ಸೋಂಕು ಕಡಿಮೆಯಾಗುವುದಿಲ್ಲ. ಹಸಿ ಕೋಸಂಬರಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ನಿನ್ನೆಯ ಸಾರು ಬೇಡ. ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿ ಕೊಡಿ. ಹುಲ್ಲಿನ ಮೆದೆ, ತಿಪ್ಪೆ, ಹುಳುಮನೆಯ ಕಸ ತೆಗೆಯುವ ಜಾಗ, ಮನೆ ಕಟ್ಟುವ ಧೂಳು, ಇಲ್ಲೆಲ್ಲ ಫಂಗಸ್‌ನ ಕಣ ಗಾಳಿಯಲ್ಲಿರುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಹಲ್ಲು ಉಜ್ಜಿಸಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ. ತಿಣುಕಿದಾಗ ಆಗುವ ಸಣ್ಣ ಬಿರುಕೇ ಸಾಕು. ಲಸಿಕೆ ಹಾಕಿಸುವ ಮೊದಲು ಡಾಕ್ಟರನ್ನು ಕೇಳಿ, ಜೀವಂತ ವೈರಸ್ ಇರುವ ಲಸಿಕೆಗಳು ಈ ಸಮಯದಲ್ಲಿ ಬೇಡ.

ಒಂದೇ ಒಂದು ವ್ಯತ್ಯಾಸವನ್ನು ಮಾತ್ರ ಅವರಿಗೆ ಬಿಡಿಸಿ ಹೇಳಬೇಕಾಯಿತು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ತಿನ್ನದೆ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಸುಮ್ನೆ ಬಿಡಬೇಕು. "ಮಗಳ ಜ್ವರಕ್ಕೆ ಹಾಗೆ ಬಿಡಬೇಡ ಕಣಮ್ಮ" ಅಂದೆ. ಅವರು ನಕ್ಕರು, ಆಮೇಲೆ ಅತ್ತರು.

ಆ ಹುಡುಗಿಯ ತಂಗಿಯ ಮಜ್ಜೆ ಪೂರ್ತಿ ಹೊಂದಿತು. ಬೆಂಗಳೂರಿನಲ್ಲಿ ಕಸಿ ಆಯಿತು. ಎಎನ್‌ಸಿ ಸತತ ಮೂರು ದಿನ 500ರ ಮೇಲೆ ನಿಂತರೆ ಹೊಸ ಮಜ್ಜೆ ಬೇರುಬಿಟ್ಟಿದೆ ಅಂತ ಲೆಕ್ಕ. ಮೂರನೇ ದಿನದ ರಿಪೋರ್ಟ್‌ನ ಫೋಟೋವನ್ನು ಅವರಪ್ಪ ನನಗೆ ಕಳಿಸಿದರು. ಅದಾಗಿ ಒಂದು ವಾರಕ್ಕೆ ತಾಯಿ ಗಾಬರಿಯಲ್ಲಿ ಫೋನ್ ಮಾಡಿದರು. ಜ್ವರ ಇಲ್ಲ, ಆದರೆ ಹಳೆಯ ಡ್ರಿಪ್‌ನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿದೆ, ಅದರ ತುದಿಯಲ್ಲಿ ಬೆಳ್ಳಗೆ ಕೀವು ಕಾಣುತ್ತಿದೆ ಅಂದರು. ಈಗಲೇ ಅಲ್ಲಿನ ಡಾಕ್ಟರಿಗೆ ತೋರಿಸಿ ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಆ ಕೀವನ್ನು ನೆನೆಸಿಕೊಂಡು ಸಂತೋಷಕ್ಕೆ ಅತ್ತುಬಿಟ್ಟೆ.